ಭದ್ರಾ ಹಿನ್ನೀರಿಗೆ ಹೊರಡುವ ಮುನ್ನ: ಕ್ಯಾಲೆಂಡರ್ ಬಿಡಿ, ಡ್ಯಾಮಿನ ಮಟ್ಟ ನೋಡಿ

ಬೇಸಿಗೆ ಬಂತೆಂದರೆ ಭದ್ರಾವತಿ, ದಾವಣಗೆರೆ ಕಡೆ ಟೀ ಅಂಗಡಿಯಲ್ಲಿ ಕುಳಿತವರು ಕೇಳುವುದು ಒಂದೇ ಮಾತು: "ಡ್ಯಾಮ್ ಎಷ್ಟಿದೆ?" ಕೇಳುವವರಿಗೂ ಹೇಳುವವರಿಗೂ ಅದು ಅಡಿ ಲೆಕ್ಕ ಅಂತ ಗೊತ್ತು. 186 ಅಡಿ ಎಂದರೆ ಭರ್ತಿ. ಭತ್ತ ನಾಟಿ ಮಾಡುವವರಿಗೆ, ಅಡಿಕೆ ತೋಟ ಉಳಿಸಿಕೊಳ್ಳುವವರಿಗೆ ಆ ಒಂದು ಅಂಕಿಯೇ ವರ್ಷದ ಭವಿಷ್ಯ. ಭದ್ರಾ ಅಣೆಕಟ್ಟಿರುವ ಲಕ್ಕವಳ್ಳಿಯ ಹಿನ್ನೀರಿಗೆ ಹಕ್ಕಿ, ಆನೆ ನೋಡಲು ಹೋಗುವವರಿಗೂ ಅದೇ ಅಂಕಿ ಬೇಕು ಅನ್ನುವುದು ನನಗೆ ಎರಡು ಸಲ ಹೋಗಿ ಬರೀ ನೀರು ನೋಡಿ ಬಂದ ಮೇಲೆ ಅರ್ಥವಾಯಿತು. ಹಾಗಾಗಿ ಈ ಬರಹ ಅಲ್ಲಿಂದಲೇ ಶುರು.

ಮೊದಲು ನೀರು, ಆಮೇಲೆ ರಜೆ

ಭದ್ರಾ ಅಣೆಕಟ್ಟು ಮುಗಿದದ್ದು 1965ರಲ್ಲಿ. ಸಾಮರ್ಥ್ಯ 71.5 ಟಿಎಂಸಿ. ಮಳೆಗಾಲದಲ್ಲಿ ಕುದುರೆಮುಖದ ಗಂಗಾಮೂಲದಿಂದ ಇಳಿದು ಬರುವ ಭದ್ರೆ, ಕಾಡಿನೊಳಗಿನ ಸೋಮವಾಹಿನಿಯಂಥ ಹಳ್ಳಗಳನ್ನೂ ಸೇರಿಸಿಕೊಂಡು ಇದನ್ನು ತುಂಬಿಸುತ್ತಾಳೆ. ಆಗ ಹಿನ್ನೀರು ಕಾಡಿನ ಅಂಚಿನವರೆಗೆ ಏರಿ ನಿಲ್ಲುತ್ತದೆ. ನೋಡಲು ಸಮುದ್ರದಂತಿರುತ್ತದೆ, ಆದರೆ ಪ್ರಾಣಿ ಪಕ್ಷಿ ನೋಡುವವರಿಗೆ ಅದು ಏನೂ ಹೆಚ್ಚು ಕಾಣಸಿಗದ ಕಾಲ. ಕಾಡಿನ ತುಂಬ ಹಳ್ಳಗಳಲ್ಲಿ ನೀರಿರುವಾಗ ಆನೆ, ಕಾಟಿಗಳಿಗೆ ಜಲಾಶಯದ ದಡಕ್ಕೇ ಬರಬೇಕೆಂಬ ಗರಜು ಇಲ್ಲ. ಹಕ್ಕಿಗಳು ಗೂಡು ಮಾಡುವ ದಿಬ್ಬಗಳೆಲ್ಲ ನೀರಿನಡಿ ಇರುತ್ತವೆ.

ಜನವರಿಯ ಹೊತ್ತಿಗೆ ಬೇಸಿಗೆ ಬೆಳೆಗೆ ಎಡದಂಡೆ, ಬಲದಂಡೆ ನಾಲೆಗಳಿಗೆ ನೀರು ಬಿಡುತ್ತಾರೆ. ಅಚ್ಚುಕಟ್ಟು ಸುಮಾರು 1 ಲಕ್ಷ ಹೆಕ್ಟೇರ್, ಅದರಲ್ಲಿ ದೊಡ್ಡ ಪಾಲು ದಾವಣಗೆರೆ ಜಿಲ್ಲೆಯದು. ಅಲ್ಲಿ ಗದ್ದೆಗೆ ನೀರು ಹಾಯುತ್ತ ಹೋದಂತೆ ಇಲ್ಲಿ ಹಿನ್ನೀರು ಇಳಿಯುತ್ತ ಬರುತ್ತದೆ. ಇಳಿದ ನೀರಿನೊಳಗಿಂದ ಒಂದೊಂದೇ ನಡುಗಡ್ಡೆ ತಲೆ ಎತ್ತುತ್ತದೆ. ಮರಳು, ನೊರಜುಗಲ್ಲು ತುಂಬಿದ ಬೋಳು ದಿಬ್ಬ. ಸುತ್ತ ನೀರಿರುವುದರಿಂದ ನರಿ, ಕಾಡುಹಂದಿ ಬರಲಾರವು. ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಸಿಗದು. ನದಿ ರೀವ, ಅಂದರೆ ರಿವರ್ ಟರ್ನ್, ಇಲ್ಲಿಗೆ ಗುಂಪುಗುಂಪಾಗಿ ಬರುವುದು ಇದಕ್ಕೇ. ದಾವಣಗೆರೆಯ ಗದ್ದೆಯ ತೆನೆಗೂ ಲಕ್ಕವಳ್ಳಿಯ ದಿಬ್ಬದ ಮೊಟ್ಟೆಗೂ ಹೀಗೊಂದು ನಂಟಿದೆ.

ನೀವು ಮಾಡಬೇಕಾದ್ದು ಇಷ್ಟು. ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಭದ್ರಾ ಜಲಾಶಯದ ಇಂದಿನ ಮಟ್ಟ, ಒಳಹರಿವು, ಹೊರಹರಿವು ಬರುತ್ತದೆ. ಹೊರಡುವ ಎರಡು ವಾರ ಮೊದಲಿನಿಂದ ಅದನ್ನು ಗುರುತು ಮಾಡಿಕೊಳ್ಳಿ. ಮಟ್ಟ 186ರ ಆಸುಪಾಸಿನಲ್ಲೇ ಇದ್ದರೆ ದಿಬ್ಬಗಳು ಎದ್ದಿರುವುದಿಲ್ಲ. ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಇಳಿಯುತ್ತಿದ್ದರೆ ನಿಮಗೆ ಒಳ್ಳೆಯ ಕಾಲ ಬರುತ್ತಿದೆ ಎಂದರ್ಥ. ನಾಲೆಗೆ ಯಾವಾಗ ನೀರು ಬಿಡುತ್ತಾರೆ ಅನ್ನುವುದು ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ತೀರ್ಮಾನವಾಗಿ ಸುದ್ದಿಯಾಗುತ್ತದೆ, ಅದನ್ನೂ ಓದಿ. 2023ರಂಥ ಬರದ ವರ್ಷದಲ್ಲಿ ಜಲಾಶಯ ತುಂಬಲೇ ಇಲ್ಲ. ಅಂಥ ವರ್ಷ ಹಿಂದಿನ ಸಲ ಇದೇ ತಿಂಗಳು ಹೀಗಿತ್ತು ಅನ್ನುವ ಲೆಕ್ಕ ಕೆಲಸಕ್ಕೆ ಬರುವುದಿಲ್ಲ.

ಸಾಮಾನ್ಯ ವರ್ಷದಲ್ಲಿ ನನ್ನ ಅನುಭವ ಹೀಗಿದೆ. ಜನವರಿ, ಫೆಬ್ರವರಿಯಲ್ಲಿ ರೀವಗಳು ಜೋಡಿಯಾಗುವುದು ಕಾಣುತ್ತದೆ. ಗಂಡು ಪುಟ್ಟ ಮೀನು ಹಿಡಿದು ತಂದು ಹೆಣ್ಣಿನ ಮುಂದೆ ನಿಂತು ಕೊಡುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಮೊಟ್ಟೆ, ಮರಿ. ಆನೆಗಳ ಹಿಂಡು ದಡದ ಹುಲ್ಲಿಗೆ ಇಳಿಯುವುದೂ ಈ ಎರಡು ತಿಂಗಳಲ್ಲೇ ಹೆಚ್ಚು. ಮೇ ಕೊನೆಗೆ ಮರಿಗಳು ಹಾರುತ್ತಿರುತ್ತವೆ. ಜೂನ್‌ನಲ್ಲಿ ಒಳಹರಿವು ಶುರುವಾದರೆ ದಿಬ್ಬಗಳ ಕಥೆ ಆ ವರ್ಷಕ್ಕೆ ಮುಗಿಯಿತು. ಒಂದೇ ಸಲ ಹೋಗಲು ಸಾಧ್ಯ ಅನ್ನುವವರಿಗೆ ನಾನು ಹೇಳುವುದು ಮಾರ್ಚ್ ಎರಡನೇ ವಾರ. ಬಿಸಿಲು ಇನ್ನೂ ತಡೆಯುವಂತಿರುತ್ತದೆ, ಪರೀಕ್ಷೆ ದಿನಗಳಾದ್ದರಿಂದ ಜನವೂ ಕಡಿಮೆ.

ಯಾವ ಕಡೆಯಿಂದ

ಅಣೆಕಟ್ಟಿನ ಒಂದು ಬದಿ ಚಿಕ್ಕಮಗಳೂರು ಜಿಲ್ಲೆ ತರೀಕೆರೆ ತಾಲೂಕಿನ ಲಕ್ಕವಳ್ಳಿ. ಇನ್ನೊಂದು ಬದಿ ಶಿವಮೊಗ್ಗ ಜಿಲ್ಲೆ ಭದ್ರಾವತಿ ತಾಲೂಕಿನ ಬಿ.ಆರ್. ಪ್ರಾಜೆಕ್ಟ್. ಊರಿನವರು ಬಿಆರ್‌ಪಿ ಅನ್ನುತ್ತಾರೆ, ಬಸ್ ಬೋರ್ಡಿನಲ್ಲೂ ಅದೇ. ಪಕ್ಕದಲ್ಲೇ ಶಂಕರಘಟ್ಟ, ಕುವೆಂಪು ವಿಶ್ವವಿದ್ಯಾಲಯ ಇರುವ ಊರು. ರೈಲಿನಲ್ಲಿ ಬರುವವರು ಬೆಂಗಳೂರು–ಶಿವಮೊಗ್ಗ ಮಾರ್ಗದ ತರೀಕೆರೆಯಲ್ಲೋ ಭದ್ರಾವತಿಯಲ್ಲೋ ಇಳಿದರೆ ಸಾಕು. ತರೀಕೆರೆಯಿಂದ ಲಕ್ಕವಳ್ಳಿಗೆ ಸುಮಾರು 20 ಕಿ.ಮೀ. ಕಾರಿನವರು ತುಮಕೂರು, ಅರಸೀಕೆರೆ, ಕಡೂರು, ಬೀರೂರು ದಾಟಿ ತರೀಕೆರೆಗೆ ಬಂದು ತಿರುಗಿಕೊಳ್ಳಬಹುದು.

ಚಿಕ್ಕಮಗಳೂರಿನಿಂದ ಮುತ್ತೋಡಿಗೆ ಹೋಗುವುದು ಬೇರೆಯೇ ಪ್ರವಾಸ. ಅದೂ ಭದ್ರಾ ಹುಲಿ ಸಂರಕ್ಷಿತ ಪ್ರದೇಶವೇ, ಕಾಡು ದಟ್ಟ, ಚೆಲುವು. ಆದರೆ ಹಿನ್ನೀರು, ದೋಣಿ, ರೀವ ಬೇಕೆಂದರೆ ಲಕ್ಕವಳ್ಳಿ ಕಡೆಯೇ ಬರಬೇಕು. "ಭದ್ರಾ ಸಫಾರಿ" ಅಂತ ಹುಡುಕಿ ಮುತ್ತೋಡಿಗೆ ಬುಕ್ ಮಾಡಿಕೊಂಡು, ಅಲ್ಲಿ ದೋಣಿ ಕೇಳಿದವರನ್ನು ಕಂಡಿದ್ದೇನೆ.

ಬುಕಿಂಗ್

ಹಿನ್ನೀರಿನ ದಡದಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯ ರಿವರ್ ಟರ್ನ್ ಲಾಡ್ಜ್ ಇದೆ. ಹೆಸರೇ ಹಕ್ಕಿಯದು. ಅಲ್ಲಿ ಉಳಿದುಕೊಂಡರೆ ಜೀಪ್, ದೋಣಿ ಎರಡೂ ಸಫಾರಿ ಸಿಗುತ್ತವೆ. ಖರ್ಚು ಹೆಚ್ಚೇ. ಅಷ್ಟು ಬೇಡ ಅನ್ನುವವರು ಭದ್ರಾವತಿ, ತರೀಕೆರೆ ಅಥವಾ ಶಿವಮೊಗ್ಗದಲ್ಲಿ ಉಳಿದು ಬೆಳಗಿನ ಸಫಾರಿಗೆ ಬರಬಹುದು. ಎರಡಕ್ಕೂ ಮೊದಲೇ ಫೋನ್ ಮಾಡಿ ಮೂರು ವಿಷಯ ಕೇಳಿ: ಆ ದಿನ ದೋಣಿ ಇದೆಯೇ, ಎಷ್ಟು ಹೊತ್ತಿಗೆ ಬಂದು ವರದಿ ಮಾಡಿಕೊಳ್ಳಬೇಕು, ದೊಡ್ಡ ಲೆನ್ಸ್‌ಗೆ ಬೇರೆ ಶುಲ್ಕ ಉಂಟೇ. ಗುರುತಿನ ಚೀಟಿ ಇಟ್ಟುಕೊಳ್ಳಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಶನಿವಾರ, ಭಾನುವಾರ ಬೇಗ ತುಂಬಿಹೋಗುತ್ತವೆ. ವಾರದ ನಡುವೆ ಒಂದು ದಿನ ರಜೆ ಹಾಕಲು ಆಗುತ್ತದೆಂದರೆ ಹಾಕಿ. ದೋಣಿಯಲ್ಲಿ ಹತ್ತು ಜನ ಇರುವುದಕ್ಕೂ ನಾಲ್ಕು ಜನ ಇರುವುದಕ್ಕೂ ಬಹಳ ವ್ಯತ್ಯಾಸ.

ಡ್ರೋನ್ ಮನೆಯಲ್ಲೇ ಬಿಡಿ. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಅದನ್ನು ಹಾರಿಸುವಂತಿಲ್ಲ, ಗೂಡಿಟ್ಟ ಹಕ್ಕಿಗೆ ಅದು ಗಿಡುಗನ ಹಾಗೇ ಕಾಣುತ್ತದೆ.

ಚೀಲದಲ್ಲಿ

ದುರ್ಬೀನು ಇಲ್ಲದೆ ಹೋಗಬೇಡಿ. 8x42, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ್ದು, ಅಥವಾ ಅದರ ಹತ್ತಿರದ್ದು ಸಾಕು. ಅದಕ್ಕಿಂತ ಹೆಚ್ಚು ಪವರ್ ಇದ್ದರೆ ದೋಣಿ ಅಲುಗುವಾಗ ಚಿತ್ರ ನಿಲ್ಲುವುದೇ ಇಲ್ಲ. ಇಬ್ಬರಿಗೆ ಒಂದು ಅಂತ ಲೆಕ್ಕ ಹಾಕಬೇಡಿ, ಹಕ್ಕಿ ಮೀನಿಗೆ ಎರಗುವ ಆ ಎರಡು ಸೆಕೆಂಡಿನಲ್ಲಿ ಅದು ಯಾವಾಗಲೂ ಇನ್ನೊಬ್ಬರ ಕೈಯಲ್ಲಿರುತ್ತದೆ. ಫೋಟೊ ತೆಗೆಯುವವರು ಶಟರ್ ವೇಗ 1/2000 ಅಥವಾ ಅದಕ್ಕಿಂತ ಮೇಲೆ ಇಟ್ಟುಕೊಳ್ಳಿ. ಹಕ್ಕಿಯೂ ಅಲುಗುತ್ತದೆ, ದೋಣಿಯೂ ಅಲುಗುತ್ತದೆ.

ಮಣ್ಣು ಬಣ್ಣದ, ಎಲೆ ಬಣ್ಣದ ಪೂರ್ತಿ ತೋಳಿನ ಅಂಗಿ, ಉದ್ದ ಪ್ಯಾಂಟು, ಕಾಲುಚೀಲ. ನೀರಿನ ಮೇಲಿನ ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ, ಹಾಗಾಗಿ ದಾರ ಕಟ್ಟಿದ ಟೋಪಿ ಬೇಕು. ಕುಡಿಯುವ ನೀರು ಸ್ಟೀಲ್ ಬಾಟಲಿಯಲ್ಲಿರಲಿ, ತಿಂಡಿಯ ಪೊಟ್ಟಣ ತೆಗೆದುಕೊಂಡು ಹೋದಷ್ಟೂ ಜೋಪಾನವಾಗಿ ವಾಪಸ್ ಬರಲಿ. ಕಾಡಿನೊಳಗೆ ಫೋನ್ ಸಿಗ್ನಲ್ ನಂಬಿಕೊಳ್ಳಬೇಡಿ, ಮನೆಯವರಿಗೆ ಮೊದಲೇ ಹೇಳಿಬಿಡಿ.

ದೋಣಿಯಲ್ಲಿ ಕುಳಿತ ಮೇಲೆ

ಲೈಫ್ ಜಾಕೆಟ್ ಕೊಡುತ್ತಾರೆ. ಮೈಮೇಲೆ ಹೊದ್ದುಕೊಂಡರೆ ಸಾಲದು, ಎಲ್ಲ ಬಕಲ್ ಹಾಕಿ, ಭುಜದ ಹತ್ತಿರ ಹಿಡಿದು ಮೇಲೆಳೆದು ನೋಡಿ. ಗಲ್ಲದವರೆಗೆ ಎದ್ದು ಬಂದರೆ ಅದು ಸಡಿಲ, ಇನ್ನೊಂದು ಕೇಳಿ. ಮಕ್ಕಳಿಗೆ ಮಕ್ಕಳ ಅಳತೆಯದೇ ಆಗಬೇಕು. ಫೋಟೊಗೆಂದು ಎಲ್ಲರೂ ಒಂದೇ ಬದಿಗೆ ವಾಲಬೇಡಿ.

ದಡ ಬಿಟ್ಟ ಕೂಡಲೇ ಕಾಣುವುದು ನೀರಿನಿಂದ ಎದ್ದು ನಿಂತ ಒಣ ಮರದ ಕೊರಡುಗಳು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡು ಅದು. ಊರುಗಳೂ ಮುಳುಗಿವೆ, ಆ ನೆನಪಿರಲಿ. ಕೊರಡಿನ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುತ್ತಿರುತ್ತದೆ. ಕುತ್ತಿಗೆ ಹಾವಿನಂತೆ ಉದ್ದವಿದ್ದರೆ ಅದು ಹಾವಕ್ಕಿ. ಚಳಿಗಾಲವಾದರೆ ಎತ್ತರದ ಕೊರಡಿನ ತುದಿಯಲ್ಲಿ ಆಸ್‌ಪ್ರೆ ಮೀನು ತಿನ್ನುತ್ತ ಕುಳಿತಿರಬಹುದು, ಅದು ದೂರದೇಶದಿಂದ ವಲಸೆ ಬಂದ ಬೇಟೆಹಕ್ಕಿ. ಕಾವಿ ಬಣ್ಣ, ಬಿಳಿ ತಲೆಯದು ನಮ್ಮ ಗರುಡ.

ರೀವವನ್ನು ಗುರುತಿಸುವುದು ಸುಲಭ. ಬೂದು ಬೆನ್ನು, ತಲೆಗೆ ಹಣೆಯಿಂದ ಹಿಂಗತ್ತಿನವರೆಗೆ ಕಪ್ಪು ಟೊಪ್ಪಿಗೆ, ಅರಿಶಿನ ಬಣ್ಣದ ಗಟ್ಟಿ ಕೊಕ್ಕು, ಕೆಂಪು ಕಾಲು, ಕವಲೊಡೆದ ಉದ್ದ ಬಾಲ. ಚಳಿಗಾಲದಲ್ಲಿ ಬರುವ ಮೀಸೆ ರೀವ ಅದಕ್ಕಿಂತ ಚಿಕ್ಕದು, ಆ ಕಾಲದಲ್ಲಿ ಅದರ ಟೊಪ್ಪಿಗೆ ಅರೆಬರೆ, ಕೊಕ್ಕು ಕಪ್ಪು. ಅದೇ ದಿಬ್ಬಗಳಲ್ಲಿ ಮರಳಿನದೇ ಬಣ್ಣದ ಪುಟ್ಟ ಹಕ್ಕಿಗಳು ಓಡಾಡುತ್ತಿದ್ದರೆ ಅವು ಸ್ಮಾಲ್ ಪ್ರಾಟಿನ್‌ಕೋಲ್. ಅವೂ ಅಲ್ಲೇ ಮೊಟ್ಟೆಯಿಡುತ್ತವೆ. ನದಿ ರೀವ ಜಗತ್ತಿನಲ್ಲೆಲ್ಲ ಕಡಿಮೆಯಾಗುತ್ತಿರುವ ಹಕ್ಕಿ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ಅಪಾಯಕ್ಕೆ ಸಿಲುಕಿದ ಪ್ರಭೇದಗಳ ಸಾಲಿನಲ್ಲಿದೆ. ನದಿಗಳಿಗೆ ಅಣೆಕಟ್ಟು ಬಂದು ಮರಳ ದಿಣ್ಣೆಗಳು ಹೋದದ್ದು, ಮರಳು ತೆಗೆದದ್ದು ಅದಕ್ಕೆ ಕಾರಣಗಳಲ್ಲಿ ಸೇರಿವೆ. ಅಂಥ ಹಕ್ಕಿ ಒಂದು ಅಣೆಕಟ್ಟಿನ ಹಿಂದೆಯೇ ನೆಲೆ ಕಂಡುಕೊಂಡಿರುವುದರಿಂದ ಈ ದಿಬ್ಬಗಳು ನನಗೆ ಬಹಳ ದೊಡ್ಡವು.

ಈಗ ದಿಬ್ಬದ ಹತ್ತಿರ ಬರೋಣ. ಇಲ್ಲಿ ನಿಧಾನವಾಗಿ ಓದಿ.

ಗೂಡು ಅಂದರೆ ಕಡ್ಡಿ, ಹುಲ್ಲು ಏನೂ ಇಲ್ಲ. ನೆಲದಲ್ಲಿ ಎದೆಯೊತ್ತಿ ಕೆರೆದ ಅಂಗೈಯಷ್ಟು ತಗ್ಗು. ಅದರಲ್ಲಿ ಎರಡೋ ಮೂರೋ ಮೊಟ್ಟೆ, ಮಾಸಲು ಬಣ್ಣದ ಮೇಲೆ ಕಂದು ಮಚ್ಚೆ. ದುರ್ಬೀನಿನಲ್ಲಿ ನೋಡುತ್ತಿದ್ದರೂ ಕಲ್ಲು ಯಾವುದು, ಮೊಟ್ಟೆ ಯಾವುದು ಅಂತ ಹೇಳುವುದು ಕಷ್ಟ. ಒಂದು ಮಾರ್ಚ್‌ನಲ್ಲಿ ಹನ್ನೊಂದು ಗಂಟೆ ಬಿಸಿಲಿನಲ್ಲಿ ಒಂದು ತಾಯಿಹಕ್ಕಿಯನ್ನೇ ನೋಡುತ್ತ ಕುಳಿತಿದ್ದೆ. ಅದು ಮೊಟ್ಟೆಯ ಮೇಲೆ ಪೂರ್ತಿ ಕೂರದೆ, ಅರ್ಧ ಎದ್ದು ರೆಕ್ಕೆ ಸಡಿಲಿಸಿ ನೆರಳು ಹಿಡಿದಿತ್ತು. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಆಮೇಲೆ ಪಕ್ಕನೆ ಹಾರಿ ನೀರಿಗೆ ಹೊಟ್ಟೆ ತಾಗಿಸಿ, ಒದ್ದೆ ಗರಿಯಲ್ಲೇ ಬಂದು ಮೊಟ್ಟೆಯ ಮೇಲೆ ಕುಳಿತಿತು. ನೀರಿಗೆ ಹೋಗಿ ಬರುವಷ್ಟು ಹೊತ್ತೂ ಅದಕ್ಕೆ ಹೆಚ್ಚೇ ಅನ್ನಿಸಿದ ಹಾಗಿತ್ತು, ಅಷ್ಟು ಅವಸರ. ಅಲ್ಲಿ ಮೊಟ್ಟೆಗೆ ಶತ್ರು ತಂಪಲ್ಲ, ಬಿಸಿಲು.

ಇದನ್ನು ತಿಳಿದುಕೊಂಡರೆ ದೋಣಿಯನ್ನು ಏಕೆ ದೂರ ನಿಲ್ಲಿಸಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಲವು ವರ್ಷಗಳ ಹಿಂದೆ, ಬೇರೊಂದು ಹಿನ್ನೀರಿನಲ್ಲಿ, ನಾನಿದ್ದ ದೋಣಿಯವರೆಲ್ಲ "ಇನ್ನೊಂಚೂರು ಹತ್ತಿರ, ಇನ್ನೊಂಚೂರು" ಅಂದರು. ನಾನೂ ಬೇಡ ಅನ್ನಲಿಲ್ಲ, ಕಣ್ಣಿಗೆ ಕ್ಯಾಮೆರಾ ಹಿಡಿದಿದ್ದೆ. ದೋಣಿ ದಡ ಮುಟ್ಟುವಷ್ಟು ಹೋಯಿತು. ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ತಲೆಯ ಮೇಲೆ ಕಿರುಚಾಡತೊಡಗಿದವು. ಮರಿಗಳು ಇದ್ದಲ್ಲೇ ನೆಲಕ್ಕೆ ಕಚ್ಚಿಕೊಂಡವು, ಆದರೆ ಒಂದು ಮಾತ್ರ ಓಡಿತು. ಎಲ್ಲಿಂದಲೋ ಬಂದ ಗರುಡ ಅದನ್ನು ಎತ್ತಿಕೊಂಡು ಹೋಯಿತು. ಎಲ್ಲ ಸೇರಿ ಅರ್ಧ ನಿಮಿಷವಿಲ್ಲ. ವಾಪಸ್ ಬರುವಾಗ ದೋಣಿಯಲ್ಲಿ ಯಾರೂ ಮಾತಾಡಲಿಲ್ಲ. ಆ ದಿನದ ಫೋಟೊಗಳನ್ನು ನಾನು ಯಾರಿಗೂ ತೋರಿಸಿಲ್ಲ.

ಲಕ್ಕವಳ್ಳಿಯಲ್ಲಿ ಒಮ್ಮೆ ನಮ್ಮ ದೋಣಿ ನಡೆಸುತ್ತಿದ್ದವರು ದಿಬ್ಬ ಇನ್ನೂ ಸಾಕಷ್ಟು ದೂರವಿರುವಾಗಲೇ ಎಂಜಿನ್ ಆರಿಸಿದರು. ಹಿಂದಿನ ಸೀಟಿನವರೊಬ್ಬರು ಕೇಳಿದಾಗ ಅವರು ಹೇಳಿದ್ದು: "ಇಲ್ಲಿಂದ ಮುಂದೆ ಹೋಗಲ್ಲ ಸಾರ್. ಅವು ಎದ್ರೆ ಮೊಟ್ಟೆ ಸುಟ್ಟು ಹೋಗುತ್ತೆ. ಸುಮ್ನೆ ಕೂತ್ಕೊಳಿ, ಅವೇ ಬರ್ತಾವೆ." ನಿಜವಾಗಿಯೂ ಬಂದವು. ಹತ್ತು ನಿಮಿಷ ಕಳೆಯುವುದರೊಳಗೆ ಒಂದು ರೀವ ನಮ್ಮ ದೋಣಿಯ ಪಕ್ಕದಲ್ಲೇ ಗಾಳಿಯಲ್ಲಿ ನಿಂತು, ಕೊಕ್ಕು ಕೆಳಗೆ ಮಾಡಿ, ಕಲ್ಲು ಬಿದ್ದ ಹಾಗೆ ನೀರಿಗೆ ಬಿತ್ತು.

ಹಾಗಾಗಿ ಈ ಗುರುತು ಇಟ್ಟುಕೊಳ್ಳಿ. ಕೂತ ಹಕ್ಕಿ ತಲೆಯೆತ್ತಿ ನಿಮ್ಮನ್ನೇ ನೋಡತೊಡಗಿದರೆ ಅಲ್ಲಿಗೇ ನಿಲ್ಲಿ. ಒಂದೆರಡು ಎದ್ದು ಕೂಗಿದರೆ ಹಿಂದೆ ಸರಿಯಲು ಹೇಳಿ. ದೋಣಿಯವರ ಮೇಲೆ ಹತ್ತಿರ ಹೋಗಲು ಒತ್ತಾಯ ಹಾಕಬೇಡಿ, ಹಣ ಕೊಡುತ್ತೇನೆ ಅನ್ನಲೇಬೇಡಿ. ಜೊತೆಯವರು ಒತ್ತಾಯಿಸಿದರೆ ಬೇಡ ಅನ್ನುವ ಒಬ್ಬರು ನೀವಾಗಿರಿ. ದಿಬ್ಬದ ಮೇಲೆ ಕಾಲಿಡುವ ಮಾತೇ ಇಲ್ಲ. ನಡು ಮಧ್ಯಾಹ್ನದ ಸುತ್ತು ಬಿಟ್ಟು ಬೆಳಗಿನ ಅಥವಾ ಸಂಜೆಯ ಸುತ್ತನ್ನೇ ಆರಿಸಿಕೊಳ್ಳಿ, ಹಕ್ಕಿಗೂ ನಿಮಗೂ ಅದು ಒಳ್ಳೆಯದು.

ಜೀಪಿನಲ್ಲಿ, ದಡದಲ್ಲಿ

ಭದ್ರಾ ಕಾಡು 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಒಳಗಿದ್ದ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ನಂತರದ ವರ್ಷಗಳಲ್ಲಿ ಹೊರಗೆ ಬಂದು ನೆಲೆಸಿದವು. ತರೀಕೆರೆ ತಾಲೂಕಿನ ಎಂ.ಸಿ. ಹಳ್ಳಿ ಅಂಥವರ ಊರು. ಅವರು ಉಳುತ್ತಿದ್ದ ಹೊಲಗಳು ಇಂದು ಜಿಂಕೆ, ಕಾಟಿ ಮೇಯುವ ಬಯಲು. ಜೀಪಿನಲ್ಲಿ ಹೋಗುವಾಗ ಹಾಳು ಬಿದ್ದ ಬಾವಿಯೋ ಊರ ಮಾವಿನಮರವೋ ಕಂಡರೆ ಅಲ್ಲಿ ಮನೆಗಳಿದ್ದವು ಅಂತ ತಿಳಿಯಿರಿ.

ಹುಲಿ ಸಿಕ್ಕೇ ಸಿಗಬೇಕು ಅಂತ ಹೋಗಬೇಡಿ. ಇಲ್ಲಿ ಕಾಡು ದಟ್ಟ, ನಾಗರಹೊಳೆ, ಬಂಡೀಪುರದಷ್ಟು ಸುಲಭವಾಗಿ ಅದು ಕಾಣುವುದಿಲ್ಲ. ಮರಗಳನ್ನು ನೋಡಿ: ತೇಗ, ಹೊನ್ನೆ, ಬೀಟೆ, ನಂದಿ. ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿ ಬಿರಿದ ತೊಗಟೆಯದು ಮತ್ತಿ. ದಡಕ್ಕೆ ಬಂದಾಗ ಇಳಿದ ನೀರು ಬಿಟ್ಟುಹೋದ ಎಳೆ ಹುಲ್ಲಿನ ಪಟ್ಟಿಯನ್ನು ದುರ್ಬೀನಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ನೋಡುತ್ತ ಬನ್ನಿ. ಬಂಡೆ ಅಂದುಕೊಂಡದ್ದು ಆನೆಯಾಗಿರುತ್ತದೆ. ನೀರಿನಂಚಿನಲ್ಲಿ ನಾಲ್ಕೈದು ತಲೆಗಳು ಒಟ್ಟಿಗೆ ಮುಳುಗೇಳುತ್ತಿದ್ದರೆ ನೀರುನಾಯಿ ಸಂಸಾರ. ಮೊಸಳೆ ಕೆಸರಿನ ದಡದಲ್ಲಿ ಬಿಸಿಲಿಗೆ ಮಲಗಿರುತ್ತದೆ.

ಬೇಸಿಗೆಯಲ್ಲಿ ಒಣ ಎಲೆ, ಒಣ ಬಿದಿರು ಕಾಡೆಲ್ಲ ಹಾಸಿರುತ್ತದೆ. ಬೀಡಿ, ಸಿಗರೇಟು ಊರಿನಲ್ಲೇ ಬಿಟ್ಟು ಬನ್ನಿ.

ನೀರಿಗೆ ಇಳಿಯಬೇಡಿ

ಸಫಾರಿ ಮುಗಿದ ಮೇಲೆ ಅಣೆಕಟ್ಟಿನ ಸುತ್ತಮುತ್ತ ಅಡ್ಡಾಡುವವರೇ ಹೆಚ್ಚು ತಪ್ಪು ಮಾಡುವುದು. ಹಿನ್ನೀರು ಶಾಂತವಾಗಿ ಕಾಣುತ್ತದೆ, ಆದರೆ ಅಡಿಯಲ್ಲಿ ಹೂಳು, ಹಳೆ ಮರದ ಬೊಡ್ಡೆ, ಹಠಾತ್ತಾಗಿ ಆಳಕ್ಕಿಳಿಯುವ ಹಳೆಯ ಹೊಳೆಪಾತ್ರ ಇವೆ. ಹೂಳಿನಲ್ಲಿ ಮೊಣಕಾಲು ಹೂತರೆ ಈಜು ಬಂದರೂ ಪ್ರಯೋಜನವಿಲ್ಲ. ಅಣೆಕಟ್ಟಿನ ಕೆಳಗೆ ಹೊಳೆಯ ಬಂಡೆಗಳ ಮೇಲೆ ಕೂರುವುದೂ ಬೇಡ, ಮೇಲಿನಿಂದ ನೀರು ಬಿಟ್ಟರೆ ಅದು ಏರುವುದು ನಿಮಿಷಗಳಲ್ಲಿ. ನಾಲೆಯಂತೂ ಇನ್ನೂ ಕಷ್ಟ: ನುಣುಪು ಇಳಿಜಾರು, ಹಿಡಿಯಲು ಏನೂ ಸಿಗದು. ಕೈಕಾಲು ತೊಳೆಯಬೇಕೆಂದರೆ ಲಕ್ಕವಳ್ಳಿಯಲ್ಲಿ ನಲ್ಲಿ ಇದೆ.

ಮನೆಗೆ ಬಂದ ಮೇಲೆ

ಮಲೆನಾಡಿನ ಈ ಭಾಗದಲ್ಲಿ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಕಡೆ ಮೊದಲು ಪತ್ತೆಯಾದದ್ದು, ಉಣುಗು ಕಚ್ಚಿದರೆ ಬರುವಂಥದ್ದು. ಅದು ಹೆಚ್ಚಾಗುವುದು ಡಿಸೆಂಬರ್‌ನಿಂದ ಮೇವರೆಗೆ, ಸರಿಯಾಗಿ ನಾವು ಹಕ್ಕಿ ನೋಡಲು ಹೋಗುವ ತಿಂಗಳುಗಳು. ಹೆದರಿ ಮನೆಯಲ್ಲಿ ಕೂರಬೇಕಿಲ್ಲ. ಹೊರಡುವ ಮುನ್ನ ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ಎಲ್ಲಾದರೂ ಪ್ರಕರಣ ಇದೆಯೇ ಅಂತ ವಿಚಾರಿಸಿ, ಕಾಲಿಗೆ ಕೈಗೆ ಉಣುಗು ತಡೆಯುವ ಎಣ್ಣೆ ಹಚ್ಚಿಕೊಳ್ಳಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ತರಗೆಲೆಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಯವರಿಗೆ ತಿಳಿಸಿ.

ವಾಪಸ್ ಬಂದ ದಿನವೇ ಬಟ್ಟೆಯನ್ನೆಲ್ಲ ಬಿಸಿನೀರಿಗೆ ಹಾಕಿ, ಸ್ನಾನ ಮಾಡುವಾಗ ಮೊಣಕಾಲ ಹಿಂದೆ, ಕಂಕುಳು, ಸೊಂಟದ ಸುತ್ತ, ಮಕ್ಕಳಿಗೆ ಕಿವಿಯ ಹಿಂದೆ ಬೆರಳಾಡಿಸಿ ನೋಡಿ. ಮರಿ ಉಣುಗು ಎಳ್ಳಿನ ಕಾಳಿಗಿಂತ ಚಿಕ್ಕದು. ಕಚ್ಚಿಕೊಂಡಿದ್ದರೆ ಬೆರಳಿನಲ್ಲಿ ಹಿಸುಕದೆ ಚಿಮುಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆದು ತೆಗೆಯಿರಿ. ಮುಂದಿನ ಎರಡು ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದು ಮಾಡುತ್ತ ಕಾಯಬೇಡಿ. ವೈದ್ಯರ ಹತ್ತಿರ ಹೋಗಿ ಅವರು ಕೇಳುವ ಮೊದಲೇ ಹೇಳಿ: ಇಂಥ ದಿನ ಲಕ್ಕವಳ್ಳಿ ಕಾಡಿಗೆ ಹೋಗಿದ್ದೆ.